ಬೆನ್ನಿನಿಂದ ನೀರು ತೆಗೆದರೆ ಮಗುವಿಗೆ ಲಕ್ವ ಹೊಡೆಯುತ್ತದೆಯೇ? ಈ ಪರೀಕ್ಷೆ ಕಂಡುಹಿಡಿದ ಡಾ. ಕ್ವಿಂಕೆ ಅವರ ಕಥೆ ಓದಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ವಿದುರಾಶ್ವತ್ಥದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು, ಅಂದರೆ ನನ್ನ ಅಕ್ಕ, ಆಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದಳು. ಅವಳ ನಾಲ್ಕು ವರ್ಷದ ಮಗನಿಗೆ ಮೂರು ದಿನ ಜ್ವರ ಬಂದು, ನಾಲ್ಕನೇ ದಿನ ಫಿಟ್ಸ್ ಬಂದಿತ್ತು. ಮಿದುಳಿಗೆ ಸೋಂಕು ತಗುಲಿದೆಯೇ ಎಂದು ತಿಳಿಯಲು ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಬಂದ ಆ ವಾಯ್ಸ್ ಮೆಸೇಜ್ ಹೇಳುತ್ತಿದ್ದದ್ದು ಇಷ್ಟು: ಬೆನ್ನಿಗೆ ಸೂಜಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತದೆ, ಮಿದುಳಿನ ನೀರು ಖಾಲಿಯಾಗುತ್ತದೆ, ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಭಾವ ಸಹಿ ಹಾಕಲು ಅರ್ಧ ದಿನ ತೆಗೆದುಕೊಂಡರು.

ಅವರನ್ನು ದಡ್ಡರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿನ ಅಶ್ವತ್ಥ ಕಟ್ಟೆಯ ಸುತ್ತ ಸಾಲುಸಾಲಾಗಿ ನಿಂತಿರುವ ಸಾವಿರಾರು ನಾಗರಕಲ್ಲುಗಳನ್ನು ನೋಡಿರುತ್ತೀರಿ. ಮಕ್ಕಳಾಗಲಿ, ಹುಟ್ಟಿದ ಮಕ್ಕಳು ಚೆನ್ನಾಗಿರಲಿ ಎಂದು ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳವು. ಹಾಗೆ ಬೇಡಿ ಪಡೆದ ಮಗುವಿನ ಬೆನ್ನಿಗೆ ಸೂಜಿ ಚುಚ್ಚುತ್ತೇವೆ ಎಂದರೆ ಯಾವ ಅಪ್ಪನ ಎದೆಯಾದರೂ ಝಲ್ ಎನ್ನುತ್ತದೆ. ಭಯ ಸಹಜ. ಆದರೆ ಆ ಭಯಕ್ಕೆ ಸಿಕ್ಕಿದ ಮಾಹಿತಿ ತಪ್ಪು.

ಈ ಪರೀಕ್ಷೆ ಎಲ್ಲಿಂದ ಬಂತು, ಯಾರು ಕಂಡುಹಿಡಿದರು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಜರ್ಮನಿಯ ಡಾಕ್ಟರ್ ಹೈನ್ರಿಚ್ ಕ್ವಿಂಕೆ. ಅವರು ತೀರಿಕೊಂಡು ನೂರು ವರ್ಷ ದಾಟಿದೆ. ಆದರೂ ನಿಮ್ಮೂರಿನ ಹತ್ತಿರದ ದೊಡ್ಡಾಸ್ಪತ್ರೆಯಲ್ಲಿ ಇವತ್ತು ಬಳಸುವ ಒಂದು ಬಗೆಯ ಸೂಜಿಗೆ ಅವರದೇ ಹೆಸರು: ಕ್ವಿಂಕೆ ಸೂಜಿ.

ಮೊದಲು ಉತ್ತರ, ಆಮೇಲೆ ಕಥೆ

ಪೂರ್ತಿ ಓದಲು ಸಮಯ ಇಲ್ಲದವರಿಗೆ: ಸರಿಯಾದ ಜಾಗದಲ್ಲಿ, ತರಬೇತಿ ಪಡೆದವರು ಮಾಡಿದ ಲಂಬಾರ್ ಪಂಕ್ಚರ್‌ನಿಂದ ಲಕ್ವ ಹೊಡೆಯುವುದು ತೀರಾ ಅಪರೂಪ. ತೆಗೆಯುವ ನೀರು ಕೆಲವೇ ಮಿಲಿಲೀಟರ್, ದೇಹ ಅದನ್ನು ಬೇಗ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಮಗುವಿಗೆ ನೋವು, ಭಯ ಆಗುವುದು ನಿಜ. ಅದನ್ನು ಕಡಿಮೆ ಮಾಡುವ ದಾರಿಗಳಿವೆ. ಮಗು ಸಮಾಧಾನವಾಗಿದ್ದರೆ ಪರೀಕ್ಷೆಯ ಫಲಿತಾಂಶವೂ ಸರಿಯಾಗಿ ಬರುತ್ತದೆ. ಈ ಕೊನೆಯ ಮಾತು ಬಹಳ ಜನರಿಗೆ ಗೊತ್ತಿಲ್ಲ.

ನೀರಿನ ದಾರಿ ಹುಡುಕಿದ ಹುಡುಗ

ಕ್ವಿಂಕೆ ಹುಟ್ಟಿದ್ದು 1842ರ ಆಗಸ್ಟ್ 26ರಂದು, ಓಡರ್ ನದಿಯ ದಡದ ಫ್ರಾಂಕ್‌ಫರ್ಟ್ ಎಂಬ ಊರಿನಲ್ಲಿ. ಜರ್ಮನಿಯಲ್ಲಿ ಇದೇ ಹೆಸರಿನ ಎರಡು ಊರುಗಳಿವೆ, ಇದು ಚಿಕ್ಕದು. ತಂದೆ ಡಾಕ್ಟರ್. ಅಣ್ಣ ಗೇಯೋರ್ಗ್ ಮುಂದೆ ಹೆಸರಾಂತ ಭೌತವಿಜ್ಞಾನಿಯಾದರು. ತಮ್ಮ ಬರ್ಲಿನ್, ವೂರ್ಝ್‌ಬುರ್ಗ್, ಹೈಡೆಲ್‌ಬರ್ಗ್‌ಗಳಲ್ಲಿ ವೈದ್ಯಕೀಯ ಓದಿದರು. ಆಮೇಲೆ ಬರ್ಲಿನ್‌ನ ಷಾರಿಟೆ ಆಸ್ಪತ್ರೆಯಲ್ಲಿ ಪ್ರೊಫೆಸರ್ ಫ್ರೆರಿಕ್ಸ್ ಅವರ ಸಹಾಯಕರಾಗಿ ಕೆಲಸ ಕಲಿತರು.

ಆ ಕಾಲಕ್ಕೆ ಮಿದುಳಿನ ಸುತ್ತ ಒಂದು ತಿಳಿನೀರು ಇದೆ ಎಂಬುದು ಗೊತ್ತಿತ್ತು. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಸ್ಪಷ್ಟತೆ ಇರಲಿಲ್ಲ. ಕ್ವಿಂಕೆ ನಾಯಿಗಳ ಬೆನ್ನಿನಲ್ಲಿರುವ ಈ ದ್ರವಕ್ಕೆ ಇಂಗಳೀಕ ಎಂಬ ಕೆಂಪು ಪುಡಿಯನ್ನು ಸೇರಿಸಿ, ಆಮೇಲೆ ಆ ಕೆಂಪು ಎಲ್ಲೆಲ್ಲಿ ಕಾಣುತ್ತದೆ ಎಂದು ಪರೀಕ್ಷಿಸಿದರು. ಬೆನ್ನಿನಲ್ಲಿ ಹಾಕಿದ್ದು ತಲೆಯ ಕಡೆಗೂ ಹರಡಿತ್ತು. 1872ರಲ್ಲಿ ಇದನ್ನು ಪ್ರಕಟಿಸಿದಾಗ ಅವರಿಗೆ ಮೂವತ್ತು ವರ್ಷ.

ಇದರಿಂದ ತಿಳಿದದ್ದು ಸರಳ ವಿಷಯ. ತಲೆಯೊಳಗಿನ ನೀರು, ಬೆನ್ನಿನೊಳಗಿನ ನೀರು ಬೇರೆಬೇರೆಯಲ್ಲ, ಎರಡೂ ಒಂದೇ ತೊಟ್ಟಿಯದು. ತೊಟ್ಟಿಯ ಒತ್ತಡ ಎಷ್ಟಿದೆ ಎಂದು ತಿಳಿಯಲು ಮೇಲಿನ ಮುಚ್ಚಳವನ್ನೇ ತೆಗೆಯಬೇಕಿಲ್ಲ, ಕೆಳಗಿನ ನಲ್ಲಿಯ ಹತ್ತಿರ ನೋಡಿದರೂ ಸಾಕು. ಆದರೆ ಈ ಯೋಚನೆ ರೋಗಿಗಳ ಉಪಯೋಗಕ್ಕೆ ಬರಲು ಇನ್ನೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ತಲೆ ಊದಿದ ಮಕ್ಕಳು

1873ರಲ್ಲಿ ಕ್ವಿಂಕೆ ಸ್ವಿಟ್ಜರ್‌ಲೆಂಡ್‌ನ ಬರ್ನ್‌ನಲ್ಲಿ ಪ್ರೊಫೆಸರ್ ಆದರು. 1878ರಲ್ಲಿ ಬಾಲ್ಟಿಕ್ ಸಮುದ್ರದ ದಡದ ಕೀಲ್ ನಗರಕ್ಕೆ ಬಂದರು. ಮುಂದಿನ ಮೂವತ್ತು ವರ್ಷ ಅಲ್ಲೇ. ಈ ನಡುವೆ 1882ರಲ್ಲಿ, ತುಟಿ, ಕಣ್ಣುರೆಪ್ಪೆ, ಮುಖ ದಿಢೀರ್ ಊದಿಕೊಳ್ಳುವ ಒಂದು ತೊಂದರೆಯನ್ನು ವಿವರವಾಗಿ ಬರೆದರು. ಕೆಲವು ಡಾಕ್ಟರುಗಳು ಅದನ್ನು ಇಂದಿಗೂ ಕ್ವಿಂಕೆ ಊತ ಎಂದೇ ಕರೆಯುತ್ತಾರೆ.

ಕೀಲ್‌ನ ವಾರ್ಡಿನಲ್ಲಿ ಅವರನ್ನು ಕಾಡಿದ್ದು ಮಕ್ಕಳು. ತಲೆಯಲ್ಲಿ ನೀರು ತುಂಬಿ ಒತ್ತಡ ಏರಿ ವಾಂತಿ, ಫಿಟ್ಸ್, ಎಚ್ಚರ ತಪ್ಪುವ ಸ್ಥಿತಿಗೆ ಬಂದ ಮಕ್ಕಳಿಗೆ ಆಗ ಮಾಡಲು ಹೆಚ್ಚೇನೂ ಇರಲಿಲ್ಲ. ನೇರವಾಗಿ ಮಿದುಳಿನೊಳಗೆ ಸೂಜಿ ಇಳಿಸಿ ನೀರು ತೆಗೆಯುವುದು ಬಹಳ ಅಪಾಯದ ಕೆಲಸ. ಕ್ವಿಂಕೆ ತಮ್ಮ ಹಳೆಯ ಪ್ರಯೋಗವನ್ನು ನೆನೆದರು. ತೊಟ್ಟಿ ಒಂದೇ ಆದರೆ ಕೆಳಗಿನಿಂದ ಯಾಕೆ ತೆಗೆಯಬಾರದು?

ಅವರು ಆರಿಸಿದ ಜಾಗ ಸೊಂಟದ ಮೂರನೇ ಮತ್ತು ನಾಲ್ಕನೇ ಮೂಳೆಗಳ ನಡುವಿನ ಸಂದು. ಲಕ್ವದ ಭಯಕ್ಕೆ ಉತ್ತರ ಈ ಆಯ್ಕೆಯಲ್ಲೇ ಇದೆ. ಬೆನ್ನುಹುರಿ ಸೊಂಟದ ಕೊನೆಯವರೆಗೆ ಬರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಆಗತಾನೆ ಹುಟ್ಟಿದ ಮಗುವಿನಲ್ಲಿ ಸ್ವಲ್ಪ ಕೆಳಗೆ, ಮೂರನೇ ಮೂಳೆಯವರೆಗೂ ಇರಬಹುದು. ಅದಕ್ಕೇ ಎಳೆಮಕ್ಕಳಲ್ಲಿ ಇನ್ನೂ ಒಂದು ಸಂದು ಕೆಳಗೆ ಸೂಜಿ ಹಾಕುತ್ತಾರೆ. ಅಲ್ಲಿ ಇರುವುದು ದ್ರವ, ಮತ್ತು ಆ ದ್ರವದಲ್ಲಿ ಬೆಂದ ಶಾವಿಗೆಯ ಎಳೆಗಳಂತೆ ತೇಲುವ ನರಗಳು. ಸೂಜಿ ಬಂದರೆ ಅವು ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಒಂದು ನರಕ್ಕೆ ತಾಗಿದರೂ ಕಾಲಿಗೆ ಕರೆಂಟ್ ಹೊಡೆದಂತೆ ಒಂದು ಕ್ಷಣ ಅನ್ನಿಸುತ್ತದೆ.

1891ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ನಡೆದ ವೈದ್ಯರ ಸಮ್ಮೇಳನದಲ್ಲಿ ಕ್ವಿಂಕೆ ತಮ್ಮ ವಿಧಾನವನ್ನು ವಿವರಿಸಿದರು. ಚರ್ಮ ಕೊಯ್ಯುವುದಿಲ್ಲ, ಮೂಳೆ ಕೆತ್ತುವುದಿಲ್ಲ. ಒಳಗೆ ತಂತಿ ಇರುವ ಸಣ್ಣ ಟೊಳ್ಳು ಸೂಜಿ. ಒಳಗೆ ಹೋದ ಮೇಲೆ ತಂತಿಯನ್ನು ಹಿಂದೆಗೆದರೆ ದ್ರವ ತೊಟ್ಟಿಕ್ಕುತ್ತದೆ.

ಅದೇ ವರ್ಷ ಲಂಡನ್ನಿನ ಡಾಕ್ಟರ್ ವಾಲ್ಟರ್ ಎಸೆಕ್ಸ್ ವಿಂಟರ್ ಕೂಡ ಬೆನ್ನಿನಿಂದ ನೀರು ತೆಗೆದ ನಾಲ್ಕು ರೋಗಿಗಳ ಬಗ್ಗೆ ಬರೆದರು. ನಾಲ್ವರಿಗೂ ಟಿಬಿ ಮಿದುಳಿನ ಪೊರೆಗೆ ಹರಡಿತ್ತು. ನಾಲ್ವರೂ ಉಳಿಯಲಿಲ್ಲ. ಆಗ ಟಿಬಿಗೆ ಔಷಧಿಯೇ ಇರಲಿಲ್ಲ. ಮೊದಲ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಸೂಜಿ ಹಾಕಿದ ಮೇಲೆ ಮಗು ಹೋಯಿತು ಎಂದು ನೋಡಿದವರು ಹೇಳಿರಬಹುದು. ಮಗುವನ್ನು ಕೊಂದದ್ದು ರೋಗ. ನಮ್ಮ ಫಾರ್ವರ್ಡ್‌ಗಳಲ್ಲಿ ಇವತ್ತಿಗೂ ನಡೆಯುವ ತಪ್ಪು ಇದೇ. ತುಂಬಾ ಸೀರಿಯಸ್ ಆದ ಮಕ್ಕಳಿಗೇ ಈ ಪರೀಕ್ಷೆ ಹೆಚ್ಚಾಗಿ ಮಾಡುತ್ತಾರೆ. ಆಮೇಲೆ ಏನೇ ಆದರೂ ಬೈಗುಳ ಸೂಜಿಗೆ.

ಮೇಸ್ತ್ರಿಯ ಪೈಪು, ಡಾಕ್ಟರ ಕೊಳವೆ

ನೀರು ತೆಗೆದು ಸುಮ್ಮನಾಗಿದ್ದರೆ ಕ್ವಿಂಕೆ ಹೆಸರು ಇಷ್ಟು ಉಳಿಯುತ್ತಿರಲಿಲ್ಲ. ಅವರು ಸೂಜಿಗೆ ಕೊಳವೆ ಜೋಡಿಸಿ ಒತ್ತಡವನ್ನು ಅಳೆದರು. ನೀರು ತೆಗೆಯುವ ಮೊದಲು ಎಷ್ಟು, ತೆಗೆದ ಮೇಲೆ ಎಷ್ಟು ಎಂದು ಬರೆದಿಟ್ಟರು. ದ್ರವದಲ್ಲಿ ಪ್ರೋಟೀನ್, ಸಕ್ಕರೆ, ರೋಗಾಣು ಇವೆಯೇ ಎಂದೂ ನೋಡಿದರು. ಹೀಗೆ ನೀರಿಳಿಸಿ ಒತ್ತಡ ತಗ್ಗಿಸುವ ಚಿಕಿತ್ಸೆಯಾಗಿ ಶುರುವಾದದ್ದು ರೋಗ ಪತ್ತೆಹಚ್ಚುವ ಪರೀಕ್ಷೆಯಾಯಿತು.

ಒತ್ತಡ ಅಳೆಯುವ ರೀತಿ ಇಂದಿಗೂ ಹೆಚ್ಚುಕಡಿಮೆ ಅದೇ. ಮನೆ ಕಟ್ಟುವ ಮೇಸ್ತ್ರಿ ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡುವುದನ್ನು ನೀವು ಕಂಡಿರುತ್ತೀರಿ. ಇಲ್ಲೂ ಹಾಗೇ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ಸೂಜಿಗೆ ನೇರವಾಗಿ ಒಂದು ಪಾರದರ್ಶಕ ಕೊಳವೆ ನಿಲ್ಲಿಸುತ್ತಾರೆ. ಒಳಗಿನ ಒತ್ತಡ ದ್ರವವನ್ನು ಎಷ್ಟು ಸೆಂಟಿಮೀಟರ್ ಮೇಲಕ್ಕೆ ತಳ್ಳುತ್ತದೋ ಅದೇ ರೀಡಿಂಗ್. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 1ರಿಂದ 18 ವರ್ಷದ ಮಕ್ಕಳಲ್ಲಿ ಇದು ಸುಮಾರು 28 ಸೆಂಟಿಮೀಟರ್‌ವರೆಗೆ ಇದ್ದರೂ ಸಾಮಾನ್ಯವೇ ಇರಬಹುದು.

ಈಗ ಯೋಚಿಸಿ. ಮಗು ಕಿರುಚಿ ಅಳುವಾಗ ಉಸಿರು ಬಿಗಿಹಿಡಿಯುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ, ಎದೆಯೊಳಗಿನ ಒತ್ತಡ ಏರುತ್ತದೆ. ತಲೆಯಿಂದ ಹೃದಯಕ್ಕೆ ವಾಪಸ್ ಹೋಗಬೇಕಾದ ರಕ್ತ ದಾರಿಯಲ್ಲೇ ತಡೆಯುತ್ತದೆ. ಮಿದುಳು, ಬೆನ್ನಿನ ದ್ರವದ ಒತ್ತಡವೂ ಜೊತೆಗೇ ಏರುತ್ತದೆ. ಮೊಣಕಾಲನ್ನು ಹೊಟ್ಟೆಗೆ ಒತ್ತಿ ಹಿಡಿದರೂ ಹೀಗೇ. ಕೊಳವೆಯಲ್ಲಿ ಕಾಣುವ ಅಂಕಿ ರೋಗದ್ದೋ, ಅಳುವಿನದ್ದೋ ಎಂದು ಆಗ ಹೇಳುವುದು ಕಷ್ಟ. ತಪ್ಪು ರೀಡಿಂಗ್ ಬಂದರೆ ಇಲ್ಲದ ಕಾಯಿಲೆಗೆ ಔಷಧಿ ಶುರುವಾಗಬಹುದು, ಅಥವಾ ಅದೇ ಮಗುವಿಗೆ ಇನ್ನೊಮ್ಮೆ ಸೂಜಿ ಹಾಕಬೇಕಾಗಬಹುದು.

ಅಕ್ಕ ಇದನ್ನು ಕಣ್ಣಾರೆ ನೋಡಿದಳು. ಮಗ ಅರಚುತ್ತಿದ್ದಾಗ ಕೊಳವೆಯಲ್ಲಿ ನೀರು ಏರುತ್ತಲೇ ಇತ್ತಂತೆ. ಡಾಕ್ಟರು ಏನೂ ಬರೆದುಕೊಳ್ಳದೆ ಕಾದರು. ಅವನ ಕಾಲುಗಳನ್ನು ಸ್ವಲ್ಪ ಸಡಿಲ ಬಿಡಲು ನರ್ಸ್‌ಗೆ ಹೇಳಿದರು. ಅಕ್ಕ ಅವನ ಮುಖದ ಹತ್ತಿರ ಕೂತು, ಮನೆಯ ಹಸು ಕರು ಹಾಕಿದ್ದನ್ನು ಮೆಲ್ಲಗೆ ಹೇಳತೊಡಗಿದಳು. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ನೀರು ಅವಳ ಕಣ್ಣೆದುರೇ ಇಳಿದು, ಉಸಿರಾಟದ ಜೊತೆ ಸಣ್ಣಗೆ ಆಡುತ್ತಾ ಒಂದು ಕಡೆ ನಿಂತಿತು. ಡಾಕ್ಟರು ಬರೆದುಕೊಂಡದ್ದು ಆ ಅಂಕಿಯನ್ನು.

ತಲೆನೋವು ಅನುಭವಿಸಿ ಕಲಿತವರು

ಹಾಗಾದರೆ ಈ ಪರೀಕ್ಷೆಯಿಂದ ಏನೂ ತೊಂದರೆ ಇಲ್ಲವೇ? ಇದೆ. ಅದನ್ನು ಮೊದಲು ತಮ್ಮ ಮೈಮೇಲೇ ಕಂಡುಕೊಂಡವರು ಕ್ವಿಂಕೆ ಇದ್ದ ಕೀಲ್ ನಗರದವರೇ ಆದ ಸರ್ಜನ್ ಆಗಸ್ಟ್ ಬಿಯರ್. 1898ರ ಆಗಸ್ಟ್‌ನಲ್ಲಿ ಅವರು ಕ್ವಿಂಕೆ ತೋರಿಸಿದ ದಾರಿಯಲ್ಲೇ ಬೆನ್ನಿಗೆ ಕೊಕೇನ್ ಕೊಟ್ಟು, ಸೊಂಟದ ಕೆಳಗೆ ಮರಗಟ್ಟಿಸಿ ಆಪರೇಷನ್ ಮಾಡಿದರು. ಸಿಸೇರಿಯನ್‌ಗೆ ಇವತ್ತು ಕೊಡುವ ಬೆನ್ನಿನ ಇಂಜೆಕ್ಷನ್‌ನ ಶುರು ಅಲ್ಲಿ. ಆಮೇಲೆ ಬಿಯರ್ ಮತ್ತು ಅವರ ಸಹಾಯಕ ಹಿಲ್ಡೆಬ್ರಾಂಟ್ ಒಬ್ಬರ ಮೇಲೊಬ್ಬರು ಪ್ರಯೋಗ ಮಾಡಿಕೊಂಡರು. ಬಿಯರ್ ಸರದಿಯಲ್ಲಿ ಸಿರಿಂಜ್ ಸೂಜಿಗೆ ಹೊಂದಿಕೊಳ್ಳದೆ ಸಾಕಷ್ಟು ದ್ರವ ಸೋರಿಹೋಯಿತು. ಮಾರನೇ ದಿನದಿಂದ ಅವರಿಗೆ ಎದ್ದರೆ ತಲೆನೋವು, ಮಲಗಿದರೆ ಆರಾಮ. ಒಂಬತ್ತು ದಿನ ಹಾಸಿಗೆ ಹಿಡಿದರು.

ಪರೀಕ್ಷೆಯ ನಂತರ ಕೆಲವರಿಗೆ ಬರುವ ತಲೆನೋವು ಇದೇ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಸೂಜಿ ಸಣ್ಣದಾದಷ್ಟು ಸಾಧ್ಯತೆ ಕಡಿಮೆ. ಕ್ವಿಂಕೆ ಸೂಜಿಯ ತುದಿ ಓರೆಯಾಗಿ ಚೂಪಾಗಿದೆ. ಪೆನ್ಸಿಲ್ ಮೊನೆಯಂಥ ಹೊಸ ಬಗೆಯ ಸೂಜಿಗಳಲ್ಲಿ ಈ ತಲೆನೋವು ಇನ್ನೂ ಕಡಿಮೆ. ಸೂಜಿ ಹಾಕಿದ ಜಾಗದಲ್ಲಿ ಒಂದೆರಡು ದಿನ ನೋವು ಇರಬಹುದು. ರಕ್ತಸ್ರಾವ, ಸೋಂಕು ಅಪರೂಪ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ, ಸೂಜಿ ಹಾಕುವ ಜಾಗದಲ್ಲಿ ಚರ್ಮಕ್ಕೆ ಸೋಂಕಿದ್ದರೆ, ಮಿದುಳಿನಲ್ಲಿ ಗಡ್ಡೆಯ ಅನುಮಾನವಿದ್ದರೆ ಡಾಕ್ಟರುಗಳೇ ಈ ಪರೀಕ್ಷೆಯನ್ನು ಮುಂದೂಡುತ್ತಾರೆ ಅಥವಾ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ.

ಇನ್ನು ಮಿದುಳಿನ ನೀರು ಖಾಲಿಯಾಗುವ ಮಾತು. ದೊಡ್ಡವರಲ್ಲಿ ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್ ದ್ರವ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ. ಮಕ್ಕಳಲ್ಲಿ ದ್ರವ ಕಡಿಮೆ, ಪರೀಕ್ಷೆಗೆ ತೆಗೆಯುವುದೂ ಅದಕ್ಕೆ ತಕ್ಕಂತೆ ಕಡಿಮೆ.

ಮಕ್ಕಳ ನೋವು ಲೆಕ್ಕಕ್ಕೆ ಬಂದದ್ದು ತಡವಾಗಿ

ಕ್ವಿಂಕೆ 1908ರಲ್ಲಿ ಕೀಲ್‌ನಿಂದ ನಿವೃತ್ತರಾಗಿ ಮೈನ್ ನದಿಯ ದಡದ ದೊಡ್ಡ ಫ್ರಾಂಕ್‌ಫರ್ಟ್‌ಗೆ ಹೋದರು. 1922ರ ಮೇ 19ರಂದು, ಎಂಬತ್ತು ತುಂಬಲು ಮೂರು ತಿಂಗಳಿರುವಾಗ ಅಲ್ಲೇ ತೀರಿಕೊಂಡರು. ಅಷ್ಟರಲ್ಲಿ ಅವರ ಪರೀಕ್ಷೆ ಜಗತ್ತಿನ ಆಸ್ಪತ್ರೆಗಳನ್ನು ಸೇರಿತ್ತು. ಆದರೆ ಸೂಜಿಯ ಕೆಳಗಿರುವ ಮಗುವಿಗೆ ಎಷ್ಟು ನೋವಾಗುತ್ತದೆ ಎಂಬ ಪ್ರಶ್ನೆಯನ್ನು ವೈದ್ಯಲೋಕ ಗಂಭೀರವಾಗಿ ತೆಗೆದುಕೊಳ್ಳಲು ಅವರು ಹೋದ ಮೇಲೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಎಳೆಕೂಸುಗಳಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಎಂಬ ನಂಬಿಕೆ 1980ರ ದಶಕದವರೆಗೂ ಅನೇಕ ಡಾಕ್ಟರುಗಳಲ್ಲಿತ್ತು. ಇದೂ ಒಂದು ಮಿಥ್ಯೆಯೇ, ಕೋಟು ಹಾಕಿಕೊಂಡಿತ್ತು ಅಷ್ಟೆ. ಅದನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕನ್ವಲ್‌ಜೀತ್ ಆನಂದ್. ಆಪರೇಷನ್ ಸಮಯದಲ್ಲಿ ಸರಿಯಾದ ನೋವುನಿವಾರಕ ಸಿಕ್ಕ ಅವಧಿಪೂರ್ವ ಶಿಶುಗಳ ದೇಹಕ್ಕೆ ಕಡಿಮೆ ಆಘಾತವಾಗುತ್ತದೆ, ಅವು ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು 1987ರಲ್ಲಿ ಅವರ ತಂಡ ತೋರಿಸಿತು.

ಅಪ್ಪ ಅಮ್ಮ ಏನು ಕೇಳಬಹುದು?

ಹಳೆಯ ಕೋಲಾರ ಜಿಲ್ಲೆಯಲ್ಲಿ 1970ರ ದಶಕದ ಕೊನೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರ ಹರಡಿತ್ತು. 2007ರಲ್ಲಿ ಅದೇ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಬೇರೆಯಾಯಿತು. ಹಾಗಾಗಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ಇದು ದೂರದ ವಿಷಯ ಅಲ್ಲ. ಜ್ವರದ ಜೊತೆ ಫಿಟ್ಸ್, ಕುತ್ತಿಗೆ ಬಿಗಿತ, ಮಂಪರು, ನಿಲ್ಲದ ವಾಂತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆನ್ನಿನ ಪರೀಕ್ಷೆ ಬೇಕು ಎಂದರೆ ಇವನ್ನು ಕೇಳಿ:

1. ಚರ್ಮ ಮರಗಟ್ಟಿಸುವ ಕ್ರೀಮ್ ಅಥವಾ ಇಂಜೆಕ್ಷನ್ ಕೊಡುತ್ತೀರಾ? ಕ್ರೀಮ್ ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ತುರ್ತು ಇದ್ದರೆ ಅದಕ್ಕಾಗಿ ಕಾಯುವುದು ಬೇಡ.

2. ನಾನು ಮಗುವಿನ ಮುಖದ ಹತ್ತಿರ ಇರಬಹುದೇ? ಹಿಡಿದುಕೊಳ್ಳುವ ಕೆಲಸ ನರ್ಸ್‌ಗೆ ಬಿಡಿ. ನಿಮ್ಮ ಕೆಲಸ ಮಾತಾಡಿಸುವುದು, ಕಥೆ ಹೇಳುವುದು, ಮೊಬೈಲ್‌ನಲ್ಲಿ ಇಷ್ಟದ ವಿಡಿಯೊ ತೋರಿಸುವುದು.

3. ಹಾಲು ಕುಡಿಯುವ ಕೂಸಾದರೆ, ಸಕ್ಕರೆ ನೀರಿನ ಹನಿ ಕೊಡಬಹುದೇ? ಸೂಜಿಗೆ ಒಂದೆರಡು ನಿಮಿಷ ಮೊದಲು ಬಾಯಿಗೆ ಹಾಕಿದರೆ ಕೂಸುಗಳ ಅಳು ಕಡಿಮೆಯಾಗುತ್ತದೆ. ಆದರೆ ಡಾಕ್ಟರನ್ನು ಕೇಳದೆ ಏನನ್ನೂ ಕೊಡಬೇಡಿ.

4. ನಿದ್ದೆ ಬರಿಸುವ ಔಷಧಿ ಬೇಕೇ? ಕೆಲವು ಮಕ್ಕಳಿಗೆ ಬೇಕಾಗುತ್ತದೆ. ಮಂಪರು ಹೆಚ್ಚಾಗಿ ಉಸಿರಾಟ ನಿಧಾನವಾದರೂ ರೀಡಿಂಗ್ ಏರಬಹುದು. ಆದ್ದರಿಂದ ಎಷ್ಟು ಕೊಡಬೇಕು ಎಂಬುದನ್ನು ಅವರೇ ನಿರ್ಧರಿಸಲಿ.

5. ಒತ್ತಡ ಅಳೆಯುತ್ತೀರಾ? ಹೌದಾದರೆ, ಮಗು ಸಮಾಧಾನವಾಗುವವರೆಗೆ ಒಂದೆರಡು ನಿಮಿಷ ಕಾಯಬಹುದೇ?

ಮನೆಯಲ್ಲಿ ಒಂದು ಅಭ್ಯಾಸ ಬಿಡೋಣ. ಊಟ ಮಾಡದಿದ್ದರೆ, ಗಲಾಟೆ ಮಾಡಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಹಾಕಿಸುತ್ತೇನೆ ಎಂದು ನಾವೆಲ್ಲ ಮಕ್ಕಳನ್ನು ಹೆದರಿಸುತ್ತೇವೆ. ನಿಜವಾಗಿ ಸೂಜಿ ಬೇಕಾದ ದಿನ ಆ ಮಗು ಅದನ್ನು ಶಿಕ್ಷೆ ಎಂದೇ ತಿಳಿಯುತ್ತದೆ. ನೋವೇ ಆಗುವುದಿಲ್ಲ ಎಂದು ಸುಳ್ಳು ಹೇಳುವುದೂ ಬೇಡ. ಸ್ವಲ್ಪ ಚುಚ್ಚುತ್ತದೆ, ನಾನು ಇಲ್ಲೇ ಇರುತ್ತೇನೆ ಎಂದರೆ ಸಾಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯ ಅವರು ಜೀವನಪೂರ್ತಿ ನಮಗೆ ಹೇಳಿಕೊಟ್ಟದ್ದು ಪ್ರಶ್ನೆ ಕೇಳುವುದನ್ನು. ಡಾಕ್ಟರನ್ನು ಕೇಳಿ, ಧೈರ್ಯವಾಗಿ ಕೇಳಿ. ಅದೇ ಪ್ರಶ್ನೆಯನ್ನು ವಾಯ್ಸ್ ಮೆಸೇಜ್ ಕಳಿಸಿದವರಿಗೂ ಕೇಳಿ: ಇದು ನಿಮಗೆ ಹೇಗೆ ಗೊತ್ತು?

ಅಕ್ಕನ ಮಗನಿಗೆ ಇದ್ದದ್ದು ಮೆನಿಂಜೈಟಿಸ್. ಡಾಕ್ಟರು ಅನುಮಾನದ ಮೇಲೆ ಮೊದಲೇ ಶುರುಮಾಡಿದ್ದ ಔಷಧಿ ಸರಿಯಾದದ್ದೇ ಎಂದು ಆ ಕೆಲವು ಹನಿ ನೀರಿನಿಂದ ಖಾತ್ರಿಯಾಯಿತು. ಎರಡು ವಾರಕ್ಕೆ ನಡೆದುಕೊಂಡೇ ಮನೆಗೆ ಬಂದ. ಗುಂಪಿನಲ್ಲಿ ಆ ಹಳೆಯ ಫಾರ್ವರ್ಡ್ ಇನ್ನೂ ಇದೆ. ಅದರ ಕೆಳಗೆ ಭಾವ, ಮಗ ಕರುವಿನ ಹಿಂದೆ ಓಡುತ್ತಿರುವ ವಿಡಿಯೊ ಹಾಕಿದ್ದಾರೆ.